ಅಹ್ಮದಿಯ ಬಾತ್‌ಟಬ್ಬಿನ ಬಿರಡೆ

೨೦೦೮ ಸೆಪ್ಟೆಂಬರ್ ೯, ಮಂಗಳವಾರ. ಬರೆಯಲು ಕೂತಾಗ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ರಂಜಾನ್ ತಿಂಗಳಾದ್ದರಿಂದ ನಮ್ಮ ಆಫೀಸು ಎರಡಕ್ಕೇ ಮುಚ್ಚುತ್ತದೆ. ಕಿಟಕಿಯ ಪರದೆ ಎಳೆದು, ಏಸಿ ಹಾಕಿ, ಊಟದ ಮೇಜಿನ ಒಂದು ಕೊನೆಯಲ್ಲಿ ಕೂತಿದ್ದೇನೆ. ಇನ್ನೊಂದು ಕೊನೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಒಂದು ರಬ್ಬರ್ ಬಿರಡೆ ಇದೆ.

ಬಾತ್‌ಟಬ್ಬಿನ ನೀರು ಹೋಗುವ ತೂತಿಗೆ ಹಾಕುವ ಬಿರಡೆ. ಕಪ್ಪು ರಬ್ಬರು ಗಟ್ಟಿಯಾಗಿ ಅಂಚಿನಲ್ಲಿ ಬಿರುಕುಬಿಟ್ಟಿದೆ. ತಲೆಗೆ ಗೇಣುದ್ದದ ಸಣ್ಣ ಮಣಿಸರಪಳಿ. ಕುವೈತಿನ ಮಂಗಾಫ್‌ನಲ್ಲಿರುವ ನಮ್ಮ ಈ ಫ್ಲ್ಯಾಟಿನ ಯಾವ ತೂತಿಗೂ ಅದು ಹಿಡಿಸುವುದಿಲ್ಲ. ಅಡಿಗೆಮನೆಯ ಸಿಂಕು, ಕೈತೊಳೆಯುವ ಬೇಸಿನ್ನು, ಬಾತ್‌ರೂಮಿನ ನೆಲ, ಎಲ್ಲ ಕಡೆ ಇಟ್ಟು ನೋಡಿ ಫಲಿತಾಂಶವನ್ನು ಡೈರಿಯಲ್ಲಿ ತಾರೀಕು ಸಮೇತ ಬರೆದಿಟ್ಟವಳು ನಾನು. ನಗಬೇಡಿ. ನನ್ನ ಜೊತೆ ಇರುವ ಸ್ಟೆಲ್ಲಾ ಮೌಶಿ, ಅಂದರೆ ಅಮ್ಮನ ತಂಗಿ, ಸಾಕಷ್ಟು ನಕ್ಕಾಗಿದೆ. "ವಿನ್ನೀ, ನೀನು ಸತ್ತು ಮೇಲೆ ಹೋದ್ರೆ ಸ್ವರ್ಗದ ಬಾಗಿಲಲ್ಲಿ ಸಂತ ಪೀಟರನ ಪುಸ್ತಕವನ್ನೂ ತಿದ್ದುವವಳೇ" ಎನ್ನುತ್ತಾಳೆ. ಹನ್ನೆರಡನೇ ವಯಸ್ಸಿನಿಂದ ದಿನಕ್ಕೊಂದು ಪುಟ ಬರೆಯುವ ಚಟ ನನಗೆ. ತಾರೀಕು ಹಾಕಿದ್ದೆಲ್ಲ ತಿಳಿದಂತಾಯಿತು ಎಂದುಕೊಂಡಿದ್ದೆ. ನಿನ್ನೆಯವರೆಗೆ.

ಇಲ್ಲಿನ ನಮ್ಮ ಕನ್ನಡ ಸಂಘದ ಸ್ಮರಣಸಂಚಿಕೆಯವರು ನನ್ನಿಂದ ಕೇಳಿದ್ದು ಬೇರೆಯೇ ಲೇಖನ. "ಹಳೆಯ ಅಹ್ಮದಿಯಲ್ಲಿದ್ದವರ ನೆನಪು ಸೇರಿಸಿ ಒಂದು ನಾಲ್ಕು ಪುಟ ಬರೆದುಕೊಡಮ್ಮಾ, ಲೈಟಾಗಿರಲಿ" ಎಂದಿದ್ದರು ಸಂಪಾದಕರು. ಲೈಟಾಗಿಯೇ ಶುರು ಮಾಡುತ್ತೇನೆ.

ಅಹ್ಮದಿಯನ್ನು ನೋಡದವರಿಗೆ ಹೇಳುವುದಾದರೆ, ಅದು ಮರಳುಗಾಡಿನ ಒಂದು ದಿಬ್ಬದ ಮೇಲೆ ಇಂಗ್ಲಿಷರು ಕಟ್ಟಿಕೊಂಡ ಪುಟ್ಟ ಇಂಗ್ಲಿಷ್ ಊರು. ತೈಲದ ಕೆಲಸಕ್ಕೆ ಬಂದವರು ತಮ್ಮ ಊರನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದರೇನೋ. ಒಂದೇ ಅಚ್ಚಿನ ಬಂಗಲೆಗಳು, ಮುಂದೆ ಹುಲ್ಲು, ಹುಲ್ಲಿನ ಸುತ್ತ ಸೊಂಟದೆತ್ತರಕ್ಕೆ ಕತ್ತರಿಸಿದ ಬೇಲಿಗಿಡ. ಕ್ಲಬ್ಬು, ಸಿನಿಮಾ ಮಂದಿರ, ಚೆಂದದ ತೋಟಕ್ಕೆ ವರ್ಷಕ್ಕೊಂದು ಬಹುಮಾನ. ಮಳೆಯೇ ಬಾರದ ಊರಿನಲ್ಲಿ ಮಳೆನೀರು ಜಾರಲು ಇಳಿಜಾರಾದ ಮಾಡು. ಇಂಗ್ಲಿಷರು ಒಬ್ಬೊಬ್ಬರಾಗಿ ಹೋದ ಹಾಗೆ ಆ ಮನೆಗಳಿಗೆ ನಮ್ಮಂಥವರು ಬಂದರು. ಬೇಲಿಗಿಡದ ಮೇಲೆ ಒಳಲಂಗ ಒಣಗಿತು. ಕಿಟಕಿಯಿಂದ ಬಂಗುಡೆ ಹುರಿದ ವಾಸನೆ ಹೊರಟಿತು.

ಆದರೆ ಬಾತ್‌ಟಬ್ಬನ್ನು ಏನು ಮಾಡಬೇಕೆಂದು ನಮ್ಮವರಿಗೆ ತಿಳಿಯಲಿಲ್ಲ. ಕೂತ ನೀರಿನಲ್ಲಿ ಮಲಗಿ ಮೈ ತೊಳೆಯುವುದು ನಮಗೆ ಸ್ನಾನವೇ ಅಲ್ಲ. ನಾನು ಮಾತಾಡಿಸಿದ ಹಳಬರಲ್ಲಿ ಟಬ್ಬನ್ನು ಸ್ನಾನಕ್ಕೆ ಬಳಸಿದೆ ಎಂದವರು ಒಬ್ಬರೂ ಸಿಗಲಿಲ್ಲ. ಬಟ್ಟೆ ನೆನೆಹಾಕಿದವರಿದ್ದಾರೆ, ಈರುಳ್ಳಿ ತುಂಬಿಸಿಟ್ಟವರಿದ್ದಾರೆ. ದ್ರಾಕ್ಷಿ ರಸ ಹುಳಿಬರಿಸಿದವರೂ ಇದ್ದಾರೆ; ಅವರ ಹೆಸರು ಬರೆಯುವುದಿಲ್ಲ. ಭತ್ತ ಬೆಳೆದವರು ಒಬ್ಬರೇ: ಸ್ಟೆಲ್ಲಾ ಮೌಶಿಯ ಗಂಡ, ನನ್ನ ಬೆನ್ನಿ ಬಾಪ್ಪು.

ಬಾಪ್ಪು ಅಹ್ಮದಿಯಲ್ಲಿ ನೀರಿನ ವಿಭಾಗದಲ್ಲಿದ್ದರು. ಆ ಊರಿನ ಪ್ರತಿ ಮನೆಗೆ ಎರಡು ನಲ್ಲಿ. ಒಂದರಲ್ಲಿ ಕುಡಿಯುವ ಸಿಹಿನೀರು, ಇನ್ನೊಂದರಲ್ಲಿ ಹುಲ್ಲಿಗೂ ಬೇಲಿಗೂ ಬಿಡುವ ಅರೆ ಉಪ್ಪುನೀರು. ಒಮ್ಮೆ ಯಾವುದೋ ಬಂಗಲೆ ರಿಪೇರಿ ಮಾಡುವಾಗ ಎಸೆದ ಕಬ್ಬಿಣದ ಬಾತ್‌ಟಬ್ಬನ್ನು ಬಾಪ್ಪು ನಾಲ್ಕು ಜನರನ್ನು ಹಿಡಿದು ಮನೆಯ ಹಿತ್ತಲಿಗೆ ತಂದಿಟ್ಟರು. ಮಣ್ಣು ತುಂಬಿಸಿದರು. ಊರಿಂದ ತಂದ ಬಿತ್ತನೆ ಭತ್ತ ಹಾಕಿದರು. ಉಪ್ಪುನೀರಿಗೆ ಭತ್ತ ಸಾಯುತ್ತದಾದ್ದರಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಅದಕ್ಕೇ. "ನನಗೆ ತಲೆಗೆ ಹೊಯ್ಯಲಿಕ್ಕೆ ನೀರಿಲ್ಲದಿದ್ರೂ ಅವನ ಟಬ್ಬಿಗೆ ಬೇಕು" ಎಂದು ಮೌಶಿ ಈಗಲೂ ದೂರುತ್ತಾಳೆ. ನಿಂತ ನೀರು ಸೋರದಂತೆ ತಳದ ತೂತಿಗೆ ಈ ಬಿರಡೆ.

ಕರಾವಳಿಯ ನಮ್ಮ ಕ್ರೈಸ್ತರ ಮನೆಗಳ ಮೊಂತಿ ಹಬ್ಬ ನಿಮಗೆ ಗೊತ್ತಿರಬಹುದು. ಸೆಪ್ಟೆಂಬರ್ ಎಂಟು, ಮೇರಿಮಾತೆ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿಯುತ್ತೇವೆ. ದೂರದಲ್ಲಿರುವವರ ಪಾಲನ್ನು ಬೇರೆ ಬಟ್ಟಲಲ್ಲಿ ಎತ್ತಿಡುತ್ತೇವೆ, ಇಲ್ಲವೇ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತೇವೆ. ಸತ್ತವರಿಗೆ ಪಾಲಿಲ್ಲ. ಅವರಿಗೆ ನವೆಂಬರದಲ್ಲಿ ಸಮಾಧಿಯ ಮೇಲೆ ಮೊಂಬತ್ತಿ. ಅಹ್ಮದಿಯ ನಮ್ಮವರಿಗೆಲ್ಲ ಪ್ರತಿ ವರ್ಷ ತೆನೆ ಕೊಡುತ್ತಿದ್ದವರು ಬಾಪ್ಪು. ಒಂದು ಮನೆಗೆ ಎರಡೇ ಎರಡು ಕಡ್ಡಿ. ಅದನ್ನು ಹಂಚುವಾಗಿನ ಅವರ ಗತ್ತು ಬಿಷಪ್ಪರಿಗೂ ಇರಲಿಕ್ಕಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದಾಗ ನಮ್ಮ ಮನೆಯೂ ಅಹ್ಮದಿಯಲ್ಲೇ ಇತ್ತು, ನನಗೆ ಐದು ವರ್ಷ. ನನ್ನ ನೆನಪಿನಲ್ಲಿ ಇರುವುದು ಕಡಿಮೆ: ಬೇಲಿಗಿಡ ತುಳಿದು ನಿಂತ ಒಂದು ಲಾರಿ, ಖಾಲಿ ಬ್ರೆಡ್ಡಿನ ಅಂಗಡಿ, ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಕೂತದ್ದು. ತಿಂಗಳ ಕೊನೆಗೆ ನಮ್ಮವರು ಬಸ್ಸು ಹಿಡಿದು, ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ ಹೊರಡತೊಡಗಿದರು. ಅಪ್ಪ, ಅಮ್ಮ, ನಾನು, ಮೌಶಿ ಹೊರಟೆವು. ಬಾಪ್ಪು ಹೊರಡಲಿಲ್ಲ.

ಅವರ ಟಬ್ಬಿನ ಪೈರು ಆಗ ಹೊಡೆ ತುಂಬಿತ್ತು. ಇನ್ನು ಹತ್ತು ಹದಿನೈದು ದಿನದಲ್ಲಿ ತೆನೆ, ಹಬ್ಬಕ್ಕೆ ಸರಿಯಾಗಿ. "ತೆನೆ ಬಂದ ಮೇಲೆ ಬರ್ತೇನೆ" ಎಂದರು. ಎಷ್ಟೋ ಮನೆಯವರು ಇನ್ನೂ ಇಲ್ಲೇ ಇದ್ದಾರೆ, ಇಂಥ ವರ್ಷದಲ್ಲೇ ಹಬ್ಬ ಇಲ್ಲದೆ ಮಾಡುವುದಾ ಎಂದು ಅವರ ವಾದ. ಮೌಶಿ ಅತ್ತಳು, ಬೈದಳು. ಹೊರಡುವ ಬೆಳಿಗ್ಗೆ ಬಾಪ್ಪು ನಮ್ಮ ಗಂಟುಗಳನ್ನು ಹೊತ್ತು ರಸ್ತೆಗೆ ಇಡುತ್ತಿದ್ದಾಗ ಅವಳು ಹಿತ್ತಲಿಗೆ ಹೋಗಿ, ಕೆಸರಿನಲ್ಲಿ ಕೈಹಾಕಿ, ಬಿರಡೆ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಪೈರು ಒಣಗಿದರೆ ಗಂಡನಿಗೆ ಅಲ್ಲಿ ಉಳಿಯಲು ನೆಪ ಇರುವುದಿಲ್ಲ ಎಂಬುದು ಅವಳ ಲೆಕ್ಕ.

ಬಸ್ಸು ಅಹ್ಮದಿಯ ದಿಬ್ಬ ಇಳಿದ ಮೇಲೆ ಅದನ್ನು ತೆಗೆದು ಅಮ್ಮನಿಗೆ ತೋರಿಸಿದಳಂತೆ. "ನೋಡು, ಒಂದು ವಾರ. ಹಿಂದಿನ ಬಸ್ಸಲ್ಲೇ ಬಾಲ ಮುದುರಿಕೊಂಡು ಬರ್ತಾನೆ." ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರಂತೆ. ಬಿರಡೆಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲ ಕೆಲವು ವರ್ಷ ಅದನ್ನು ನಗುತ್ತಲೇ ಹೇಳುತ್ತಿದ್ದರು.

ಬಾಪ್ಪು ಹಿಂದಿನ ಬಸ್ಸಲ್ಲಿ ಬರಲಿಲ್ಲ. ಅದರ ಹಿಂದಿನದರಲ್ಲೂ ಇಲ್ಲ. ಯುದ್ಧ ಮುಗಿದು, ತೈಲಬಾವಿಗಳು ಉರಿದು ಆರಿ, ಅಹ್ಮದಿಗೆ ಜನ ಮರಳಿದರೂ ಬಾಪ್ಪು ಇಲ್ಲ. ಸತ್ತವರ ಪಟ್ಟಿಯಲ್ಲಿ ಇಲ್ಲ, ಸೆರೆಸಿಕ್ಕವರ ಪಟ್ಟಿಯಲ್ಲೂ ಇಲ್ಲ. ಮೌಶಿ ನರ್ಸ್. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ ಕೂಡಲೇ ಕುವೈತಿಗೆ ವಾಪಸು ಬಂದಳು, ಅವನು ಬಂದರೆ ಬಾಗಿಲು ತೆಗೆಯಲು ಯಾರಾದರೂ ಬೇಡವೇ ಎಂದು. ನಾನು ಊರಿನ ಕನ್ನಡ ಶಾಲೆಯಲ್ಲಿ ಓದಿ, ಡಿಗ್ರಿ ಮುಗಿಸಿ, ಎರಡು ವರ್ಷದ ಹಿಂದೆ ಅವಳ ಜೊತೆ ಬಂದು ಸೇರಿದೆ. ಪ್ರತಿ ಸೆಪ್ಟೆಂಬರ್ ಎಂಟಕ್ಕೆ ಅವಳ ಅಣ್ಣ ಊರಿಂದ ಯಾರ ಕೈಯಲ್ಲಾದರೂ ತೆನೆ ಕಳಿಸುತ್ತಾರೆ. ಪ್ರತಿ ವರ್ಷ ಮೇಜಿನ ಮೇಲೆ ಒಂದು ಬಟ್ಟಲು ಹೆಚ್ಚಿರುತ್ತದೆ.

ಈ ತಿಂಗಳ ಕೊನೆಗೆ ಮೌಶಿಯ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿಯುತ್ತದೆ. ನಿವೃತ್ತಿ. ಮತ್ತೆ ಬರುವುದಿಲ್ಲ. ಊರಿನಲ್ಲಿ ಮನೆಯವರು ಕುಟುಂಬದ ಸಮಾಧಿಯ ಕಲ್ಲಿನಲ್ಲಿ ಬಾಪ್ಪುವಿನ ಹೆಸರು ಕೆತ್ತಿಸೋಣ, ಇಗರ್ಜಿಯಲ್ಲಿ ಒಂದು ಪೂಜೆ ಇಡೋಣ ಎನ್ನುತ್ತಿದ್ದಾರೆ. ಮೌಶಿ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಜೂನಿನಲ್ಲಿ ಒಂದು ದಿನ ಬಟ್ಟೆ ಮಡಚುತ್ತಾ ನನಗೆ ಹೇಳಿದಳು: "ನೀನು ಹೇಗೂ ಅಹ್ಮದಿಯವರನ್ನೆಲ್ಲ ಮಾತಾಡಿಸ್ಲಿಕ್ಕೆ ಹೋಗ್ತೀಯಲ್ಲ. ಅವನನ್ನು ಕಡೆಗೆ ನೋಡಿದ್ದು ಯಾರು ಅಂತ ಕೇಳು. ಹೋಗುವ ಮೊದಲು ನನಗೆ ಗೊತ್ತಾಗ್ಬೇಕು. ನಾನು ಬಟ್ಟಲು ಇಡುವುದಾ, ಮೊಂಬತ್ತಿ ಹಚ್ಚುವುದಾ?"

ಹಾಗೆ ಲೈಟಾದ ಲೇಖನಕ್ಕೆಂದು ಹೊರಟವಳು ಆ ಒಂದು ಪ್ರಶ್ನೆ ಹಿಡಿದುಕೊಂಡು ಮನೆ ಮನೆ ತಿರುಗಿದೆ. ಹಳಬರು ಈಗ ಎಲ್ಲೆಲ್ಲೋ ಚದುರಿದ್ದಾರೆ. ಹುಲ್ಲಿನ ಬಗ್ಗೆ ಕೇಳಿದರೆ ಸಾಕು, ಕಣ್ಣು ಅರಳುತ್ತದೆ. ಸಾಲ್ಮಿಯಾದ ಹನ್ನೊಂದನೇ ಮಹಡಿಯಲ್ಲಿ ಸಮುದ್ರ ಕಾಣುವ ಫ್ಲ್ಯಾಟಿನಲ್ಲಿರುವ ಹಿಲ್ಡಾ ಆಂಟಿ ಅಹ್ಮದಿಯ ತಮ್ಮ ತೋಟಕ್ಕೆ ಸಿಕ್ಕ ಬಹುಮಾನದ ಬೆಳ್ಳಿ ಬಟ್ಟಲನ್ನು ಷೋಕೇಸಿನಿಂದ ಇಳಿಸಿ ತೋರಿಸಿದರು. ಗುಲಾಬಿ ಎಷ್ಟು ಬಣ್ಣದ್ದು, ಜಡ್ಜಾಗಿ ಬಂದ ದೊರೆಸಾನಿಯ ಟೊಪ್ಪಿಗೆ ಯಾವ ಬಣ್ಣದ್ದು, ಎಲ್ಲ ಹೇಳಿದರು.

"ಆಮೇಲೆ ಆಂಟಿ? ತೊಂಬತ್ತರಲ್ಲಿ?"

"ಆಮೇಲೆ ಎಂತ? ವಾಪಸು ಬಂದಾಗ ಗುಲಾಬಿ ಎಲ್ಲ ಸತ್ತಿತ್ತು. ಚಾ ಕುಡಿ, ತಣಿದುಹೋಯ್ತು."

ಎಲ್ಲರ ನೆನಪೂ ಅಲ್ಲಿ ಬಂದು ಹಾಗೇ ಹಾರುತ್ತದೆ. ತೊಂಬತ್ತರ ಜುಲೈಯಲ್ಲಿ ಕ್ಲಬ್ಬಿನ ಸಿನಿಮಾ, ಮರುವಾಕ್ಯದಲ್ಲಿ ತೊಂಬತ್ತೆರಡರ ಹೊಸ ಕಾರು. ನಡುವಿನ ತಿಂಗಳುಗಳಿಗೆ ನನ್ನ ಡೈರಿಯಲ್ಲಿ ಬಿಟ್ಟ ಜಾಗ ಖಾಲಿಯೇ ಉಳಿಯಿತು. ಅವರನ್ನು ದೂರುವುದಿಲ್ಲ. ಬಿಟ್ಟುಹೋದ ನಾಯಿ, ತೆರೆದೇ ಉಳಿದ ಬಾಗಿಲು, ಕೈಬೀಸಿದಾಗ ತಿರುಗಿ ನೋಡದ ನೆರೆಯವರು. ಪ್ರತಿಯೊಬ್ಬರಿಗೂ ಅಲ್ಲಿ ಏನೋ ಒಂದು ಇದ್ದಿರಬೇಕು.

ಕಳೆದ ಶುಕ್ರವಾರ, ಐದನೇ ತಾರೀಕು, ಖೈತಾನಿನ ಸಂಜೀವಣ್ಣನ ಬಳಿಗೆ ಹೋದೆ. ಅಹ್ಮದಿಯಲ್ಲಿ ಕೆಲಸಗಾರರ ಮೆಸ್ಸಿನಲ್ಲಿ ಅಡಿಗೆ ಮಾಡುತ್ತಿದ್ದವರು, ತುಳು ಮನೆಮಾತಿನವರು, ಈಗ ಒಂದು ಪುಟ್ಟ ಹೋಟೆಲು ಇಟ್ಟುಕೊಂಡಿದ್ದಾರೆ. ರಂಜಾನಿನ ಹಗಲಾದ್ದರಿಂದ ಷಟರು ಅರ್ಧ ಇಳಿಸಿ ಒಳಗೆ ಸಂಜೆಯ ಸಮೋಸಕ್ಕೆ ಈರುಳ್ಳಿ ಹೆಚ್ಚುತ್ತಿದ್ದರು.

"ಯಾರು? ಬೆನ್ನಿ ಪೊರ್ಬುಗಳ ಹೆಂಡತಿಯ ಅಕ್ಕನ ಮಗಳಾ? ಬಾ ಬಾಯಮ್ಮ, ಕೂತ್ಕೊ. ಪೊರ್ಬುಗಳು ಹೇಗಿದ್ದಾರೆ ಊರಲ್ಲಿ?"

ನಮ್ಮ ಕ್ರೈಸ್ತ ಗಂಡಸರನ್ನು ತುಳುವರು ಗೌರವದಿಂದ ಪೊರ್ಬು ಎನ್ನುವುದು. ಬಾಪ್ಪು ಊರು ಮುಟ್ಟಲಿಲ್ಲ ಎಂದೆ. ಅವರ ಕೈಯ ಚೂರಿ ನಿಂತಿತು.

"ಎಂತ ಹೇಳ್ತೀ ಮಾರಾಯ್ತಿ? ನಾನು ಊರಲ್ಲಿ ಆರಾಮ ಇದ್ದಾರೆ ಅಂತಲೇ ಎಣಿಸಿದ್ದು. ನನಗೆ ಹೇಳಿ ಹೋದದ್ದಲ್ವಾ!"

ಸಂಜೀವಣ್ಣನ ಪಾಸ್‌ಪೋರ್ಟ್ ಅವರನ್ನು ಕೆಲಸಕ್ಕೆ ಕರೆಸಿದ ಅರಬಿ ಯಜಮಾನ, ಕಫೀಲನ ಬಳಿ ಇತ್ತು, ಕಫೀಲ ಎಲ್ಲಿ ಓಡಿದನೋ ಗೊತ್ತಿರಲಿಲ್ಲ. ಹಾಗಾಗಿ ಅವರು ಕಡೆಯವರೆಗೂ ಅಹ್ಮದಿಯಲ್ಲೇ ಉಳಿದವರು. ಒಂದು ಸಂಜೆ ಬಾಪ್ಪು ಅರಬಿ ಪೇಪರಿನಲ್ಲಿ ಸುತ್ತಿದ ಕಟ್ಟು ಹಿಡಿದು ಮೆಸ್ಸಿಗೆ ಬಂದರಂತೆ.

"ನೋಡ್ತೇನೆ, ತೆನೆ! ಹೆಚ್ಚಿನದ್ದು ಜೊಳ್ಳು, ಆದ್ರೂ ತೆನೆ ತೆನೆಯೇ. 'ಸಂಜೀವಾ, ನಿಮ್ಮಲ್ಲೂ ಬಾಗಿಲಿಗೆ ಕುರಲ್ ಕಟ್ತೀರಲ್ವಾ, ಕಟ್ಟು' ಅಂದ್ರು. ನಾನು ನಗಾಡಿದೆ, ಇದು ಕುರಲ್ ಕಟ್ಟುವ ಕಾಲವಾ ಪೊರ್ಬುಳೆ, ಚಳಿಯಲ್ಲಿ ಹಲ್ಲು ಕಟಕಟ ಅಂತದೆ ಅಂತ. ಅವರೂ ನಗಾಡಿದ್ರು. 'ಹೆಂಡತಿ ಬಿರಡೆ ಕೊಂಡೋಗಿದ್ದಾಳೆ ಮಾರಾಯ. ಮನೆಯ ಮೊಂಬತ್ತಿ ಎಲ್ಲ ಕರಗಿಸಿ ತೂತು ಮುಚ್ಚಿದೆ' ಅಂದ್ರು."

"ಯಾವ ತಿಂಗಳು ಸಂಜೀವಣ್ಣ?" ನನ್ನ ಪೆನ್ನು ಆಗಲೇ ಕಾಗದದ ಮೇಲಿತ್ತು.

"ತಾರೀಕೆಲ್ಲ ಕೇಳ್ಬೇಡ. ನಿಮ್ಮ ಕ್ರಿಸ್ಮಸ್ಸಿಗೆ ನಾಲ್ಕೈದು ದಿನ ಇತ್ತು. 'ನಾಳೆ ಬಸ್ರಾ ತನಕ ಒಂದು ಲಾರಿ ಉಂಟು, ಹೋಗ್ತೇನೆ, ಅರ್ಧ ಕಟ್ಟು ಸ್ಟೆಲ್ಲಾನಿಗೆ ಇಟ್ಟಿದ್ದೇನೆ' ಅಂದ್ರು. ಲಾರಿ ನಾನು ನೋಡ್ಲಿಲ್ಲ. ಮರುದಿನ ಆ ಕಡೆ ಹೋದಾಗ ಮನೆಗೆ ಬೀಗ. ಟಬ್ಬನ್ನು ಮಣ್ಣೆಲ್ಲ ತೆಗೆದು, ತೊಳೆದು, ಕವುಚಿ ಹಾಕಿದ್ರು. ಆ ತೆನೆ ನನ್ನ ಬಾಗಿಲಲ್ಲೇ ಇತ್ತು. ಬಾವಿಗಳು ಹೊತ್ತಿಕೊಂಡಾಗ ಮಸಿ ಹಿಡಿದು ಹಿಡಿದು, ಕಡೆಗೆ ಒಂದು ದಿನ ತಾನಾಗಿ ಉದುರಿತು. ಖಲಾಸ್."

ಈರುಳ್ಳಿಯ ನೆಪ ಸಿಕ್ಕಿತ್ತು, ಇಬ್ಬರೂ ಕಣ್ಣು ಒರೆಸಿಕೊಂಡೆವು.

ಮೂರು ದಿನ ಈ ಸುದ್ದಿಯನ್ನು ನಾನು ಬಾಯಲ್ಲಿ ಇಟ್ಟುಕೊಂಡೇ ಇದ್ದೆ. ಹಬ್ಬದ ದಿನ ಹೇಳೋಣ ಎಂದು. ಏಕೆಂದರೆ ಅದು ನನಗೆ ಒಳ್ಳೆಯ ಸುದ್ದಿಯಾಗಿ ಕಂಡಿತ್ತು! ಬಾಪ್ಪು ಸಿಟ್ಟು ಮಾಡಿಕೊಂಡು ಉಳಿದದ್ದಲ್ಲ, ಹೆಂಡತಿಯ ಪಾಲು ಕಟ್ಟಿಕೊಂಡು ಹೊರಟಿದ್ದರು. ಖಾಲಿ ಬಿಟ್ಟಿದ್ದ ಪುಟದಲ್ಲಿ "೧೯೯೦ ಡಿಸೆಂಬರ್, ಸುಮಾರು ೨೦" ಎಂದು ದುಂಡಗೆ ಬರೆದು ಕೆಳಗೆ ಗೆರೆ ಎಳೆದಿದ್ದೆ.

ನಿನ್ನೆ ಸಂಜೆ ಪಕ್ಕದ ಮಸೀದಿಯಲ್ಲಿ ಬಾಂಗು ಆಗುವ ಹೊತ್ತಿಗೆ ನಮ್ಮ ಊಟವೂ ತಯಾರಾಗಿತ್ತು. ಕೆಸುವಿನ ದಂಟು ಇಲ್ಲದ್ದಕ್ಕೆ ಬಸಳೆ, ಹೀರೆಕಾಯಿ, ಬೆಂಡೆ, ಪಾಯಸ. ಮೌಶಿ ಕಾಳಿನ ಪುಡಿಯನ್ನು ಹಾಲಿಗೆ ಹಾಕಿ ಮೂರು ಬಟ್ಟಲಿಗೆ ಬಗ್ಗಿಸಿದಳು. ಪ್ರಾರ್ಥನೆ ಆಯಿತು. ನಾನು ಎಲ್ಲ ಹೇಳಿದೆ: ತೆನೆ, ಮೊಂಬತ್ತಿ, ಅರ್ಧ ಕಟ್ಟು, ಲಾರಿ. ಮೊಂಬತ್ತಿ ಕರಗಿಸಿದ್ದು ಕೇಳಿ ಅವಳು ಜೋರಾಗಿ ನಕ್ಕಳು. "ದೇವರೆದುರಿನ ಅಲ್ತಾರಿನ ದೊಡ್ಡ ಮೊಂಬತ್ತಿಯನ್ನೂ ಬಿಡ್ಲಿಲ್ಲವಾ ಆ ಜನ!" ಅರ್ಧ ಕಟ್ಟಿನ ಮಾತಿಗೆ ಸುಮ್ಮನೆ ತಲೆ ಆಡಿಸಿದಳು. ಕಡೆಗೆ ನಾನು ತಾರೀಕು ಹೇಳಿದೆ.

"ಕ್ರಿಸ್ಮಸ್ ಹತ್ತಿರವಾ? ಸರಿಯಾಗಿ ಕೇಳಿದ್ಯಾ?"

"ಹೌದು ಮೌಶಿ, ಬರ್ಕೊಂಡಿದ್ದೇನೆ. ಚಳಿ ಇತ್ತಂತೆ."

ಅವಳು ಬಟ್ಟಲನ್ನು ಮೇಜಿನ ಮೇಲೆ ಸ್ವಲ್ಪ ಆಚೆಗೆ ಸರಿಸಿದಳು.

"ನಾನು ಹೊರಡುವಾಗ ಹೊಡೆ ತುಂಬಿತ್ತು. ಹಬ್ಬಕ್ಕೇ ಬರುವ ತೆನೆ ಅದು. ಕ್ರಿಸ್ಮಸ್ಸಿಗೆ ಬಂತು ಅಂದ್ರೆ ಅದು ಆ ಪೈರು ಅಲ್ಲ." ಬೆರಳು ಮಡಚಿ ತಿಂಗಳು ಎಣಿಸಿದಳು. "ನೀರು ಹೋಗಿ ಅದು ಒಣಗಿತು. ಇವನು ತೂತು ಮುಚ್ಚಿ ಮತ್ತೆ ಬಿತ್ತಿದ. ನಾನು ಬಿರಡೆ ಬಿಟ್ಟು ಹೋಗಿದ್ರೆ ಸೆಪ್ಟೆಂಬರಲ್ಲೇ ಬರ್ತಿದ್ದ ವಿನ್ನಿ. ಎಲ್ಲರ ಜೊತೆ. ಬಸ್ಸು ಇರುವಾಗಲೇ."

ಭತ್ತಕ್ಕೆ ಎಷ್ಟು ತಿಂಗಳು ಬೇಕೆಂಬುದು ನನಗೆ ಗೊತ್ತಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ತಾರೀಕು ಮಾತ್ರ, ಅದನ್ನು ನಾನೇ ತಂದು ಹಬ್ಬದ ಮೇಜಿನ ಮೇಲೆ ಇಟ್ಟಿದ್ದೆ. ಏನಾದರೂ ಹೇಳಬೇಕಿತ್ತು. "ಆಗಿನ ದಾರಿ ಯಾರಿಗೆ ಗೊತ್ತಿತ್ತು ಮೌಶಿ" ಎಂದೇನೋ ತೊದಲಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಗಾಡಿದ ಅಂದ್ಯಲ್ಲ, ಬಿರಡೆ ಮಾತು ಹೇಳುವಾಗ? ಸಂಜೀವ ಹಾಗೇ ಹೇಳಿದ್ನಾ? ನೀನು ಸೇರಿಸಿದ್ದಲ್ಲ?"

"ಹಾಗೇ ಹೇಳಿದ್ದು. ಇಬ್ಬರೂ ನಗಾಡಿದ್ರಂತೆ."

"ಆಯ್ತು."

ಊಟ ಬಡಿಸಿದಳು. ನಾವು ಊಟ ಮಾಡಿದೆವು. ಮಾಡಿದೆವು ಎಂದೇ ಬರೆಯಬೇಕು, ಏಕೆಂದರೆ ತಟ್ಟೆಗಳು ಖಾಲಿಯಾದವು. ಏಳುವ ಮೊದಲು ಮೌಶಿ ಮೂರನೆಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಅದು ಯಾವಾಗಲೂ ಬೆಳಗಿನ ತನಕ ಅಲ್ಲೇ ಇರುವ ಬಟ್ಟಲು. ಅದರ ಹಾಲನ್ನು ಅರ್ಧ ನನ್ನ ಬಟ್ಟಲಿಗೆ, ಅರ್ಧ ತನ್ನದಕ್ಕೆ ಬಗ್ಗಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ, ನರ್ಸಿನ ಕೈ.

"ತೆನೆ ಬಂದ ಮೇಲೆ ಬರ್ತೇನೆ ಅಂದಿದ್ದ. ತೆನೆ ಬಂತು, ಹೊರಟ. ಹೊರಟವನು ಹದಿನೆಂಟು ವರ್ಷ ದಾರಿಯಲ್ಲಿ ಇರುವುದಿಲ್ಲ ಬಾಯೆ. ಕುಡಿ."

ಕುಡಿದೆ.

ಇವತ್ತು ಬೆಳಿಗ್ಗೆ ನಾನು ಏಳುವಾಗ ಅವಳು ಡ್ಯೂಟಿಗೆ ಹೊರಟು ನಿಂತಿದ್ದಳು. ಕಪಾಟಿನಲ್ಲಿ ಜಪಮಾಲೆಯ ಜೊತೆ ಇರುತ್ತಿದ್ದ ಬಿರಡೆ ಉಪ್ಪಿನ ಡಬ್ಬಿಯ ಪಕ್ಕಕ್ಕೆ ಬಂದಿತ್ತು. ಇದನ್ನೇನು ಮಾಡಲಿ ಎಂದು ಕೇಳಿದೆ.

"ನಿನ್ನ ಹತ್ತಿರ ಇರ್ಲಿ. ಊರಿಗೆ ತಕೊಂಡು ಹೋಗುವುದಿಲ್ಲ ನಾನು." ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು, "ಪುಸ್ತಕಕ್ಕೆ ಬರೀತೀಯಲ್ಲ, ಅದರಲ್ಲಿ ಎಲ್ಲ ಬರಿ. ಬಿರಡೆಯದ್ದೂ ಬರಿ. ಗೊತ್ತಿದ್ದವರು ಹೇಳಿ ಅಂತ ಕೇಳು."

ಹಾಗಾಗಿ ಕೇಳುತ್ತಿದ್ದೇನೆ. ೧೯೯೦ರ ಕ್ರಿಸ್ಮಸ್ಸಿನ ಮುಂಚಿನ ದಿನಗಳಲ್ಲಿ ಅಹ್ಮದಿಯಿಂದಾಗಲಿ, ಸುತ್ತಲಿನಿಂದಾಗಲಿ ಬಸ್ರಾದ ಕಡೆಗೆ ಲಾರಿ ಹತ್ತಿದವರು, ಆ ದಾರಿಯಲ್ಲಿ ಇದ್ದವರು, ಅವರಿಂದ ಕೇಳಿದವರು ಈ ಸಂಚಿಕೆಯನ್ನು ಓದುತ್ತಿರಬಹುದು. ನಮ್ಮ ಬಾಪ್ಪು ಗಿಡ್ಡ ಆಳು, ಆಗ ನಲವತ್ತರ ಹತ್ತಿರ, ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಕೈಯಲ್ಲಿ ಅರಬಿ ಪೇಪರಿನಲ್ಲಿ ಸುತ್ತಿದ ಭತ್ತದ ತೆನೆ ಇದ್ದಿರಬೇಕು. ಆ ದಾರಿಯಲ್ಲಿ ಆ ವರ್ಷ ಭತ್ತದ ತೆನೆ ಹಿಡಿದವರು ಬೇರೆ ಯಾರೂ ಇರಲಾರರು, ಒಮ್ಮೆ ನೋಡಿದವರು ಮರೆಯಲಾರರು. ಎಲ್ಲಿ ನೋಡಿದಿರಿ, ಆಮೇಲೆ ಏನಾಯಿತು, ತಿಳಿದಷ್ಟನ್ನು ಸಂಪಾದಕರ ಮೂಲಕ ನನಗೆ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ಚಿಂತೆಯಿಲ್ಲ.

ಇಷ್ಟು ಬರೆದು, ಸರಿಯಾಯಿತೇ ಎಂದು ಮೌಶಿಗೆ ಆಸ್ಪತ್ರೆಗೆ ಫೋನು ಮಾಡಿ ಓದಿ ಹೇಳಿದೆ. ಒಂದು ಮಾತು ಸೇರಿಸಲು ಹೇಳಿದಳು: ಒಳ್ಳೆಯ ಸುದ್ದಿಯೇ ಆಗಬೇಕೆಂದಿಲ್ಲ.